ಏಣಿ ಹತ್ತದೆ ಛಾವಣಿ ಅಳೆಯೋ ಸಾಫ್ಟ್‌ವೇರ್: ವರ್ಷಪೂರ್ತಿ ಬಳಸಿ ಬರೆದ ರಿವ್ಯೂ

ಮೊದಲೇ ಹೇಳ್ಬಿಡ್ತೀನಿ, ಇದು ಟಾಪ್ ಟೆನ್ ಲಿಸ್ಟ್ ಅಲ್ಲ, ಯಾರ ಲಿಂಕನ್ನೂ ಕೆಳಗೆ ಹಾಕಿಲ್ಲ. ನಾನು ರೂಫಿಂಗ್ ಕಂಪನೀಲಿ ಎಸ್ಟಿಮೇಟ್ ಮಾಡೋನು, ಟೇಪ್ ಹಿಡ್ಕೊಂಡು ಏಣಿ ಹತ್ತಿ ಇಳಿದು ಮೊಣಕಾಲು ಸವೆಸಿದೋನು, ಹಾಗಾಗಿ ಆಫೀಸಲ್ಲಿ ಕೂತು ಅಡ್ರೆಸ್ ಟೈಪ್ ಮಾಡಿದ್ರೆ ಛಾವಣಿ ಅಳತೆ ಬರುತ್ತೆ ಅಂದಾಗ ಎಲ್ಲರಿಗಿಂತ ಮುಂಚೆ ಖುಷಿ ಪಟ್ಟಿದ್ದು ನಾನೇ. ವರ್ಷದಲ್ಲಿ ನಾಲ್ಕೈದು ಥರದ್ದು ಬಳಸಿ ನೋಡಿದೀವಿ, ಕೆಲವಕ್ಕೆ ದುಡ್ಡು ಕೊಟ್ವಿ, ಕೆಲವು ಟ್ರಯಲ್‌ನಲ್ಲೇ ಬಿಟ್ವಿ. ಯಾವುದು ಒಳ್ಳೇದು ಅಂತ ಒಂದೇ ಮಾತಲ್ಲಿ ಕೇಳಿದ್ರೆ, ನೀವು ಏನು ಹೊದಿಸ್ತೀರಿ ಅನ್ನೋದರ ಮೇಲೆ ಇದೆ ಅಂತೀನಿ. ಜಾರಿಕೊಳ್ಳೋ ಉತ್ತರ ಅನ್ಸುತ್ತೆ, ಆದ್ರೆ ಅದು ನನಗೆ ಅರ್ಥ ಆಗಿದ್ದೇ ಒಂದು ಲೋಡ್ ಮೆಟಲ್ ಶೀಟು ಹಾಳಾದ ಮೇಲೆ, ಆ ಕಥೆಗೆ ಬರ್ತೀನಿ.

ಡೆಮೊ ಕೊಡೋಕೆ ಬರೋರು ಎಲ್ಲಾ ಒಂದೇ ಥರ ತೋರಿಸ್ತಾರೆ. ಚಂದದ ಒಂದು ಮನೆ, ಸುತ್ತ ಒಂದು ಮರ ಇಲ್ಲ, ಕ್ಲಿಕ್ ಮಾಡಿದ ತಕ್ಷಣ ಛಾವಣಿ ಮೇಲೆ ಬಣ್ಣ ಬಣ್ಣದ ಗೆರೆ, ಪಕ್ಕದಲ್ಲಿ ಒಟ್ಟು ವಿಸ್ತೀರ್ಣ, ಅದೂ ದಶಮಾಂಶ ಆದ್ಮೇಲೆ ಎರಡು ಅಂಕಿವರೆಗೆ. ಆ ಎರಡು ಅಂಕಿ ನೋಡಿ ಮರುಳಾಗ್ಬೇಡಿ ದಯವಿಟ್ಟು. 13.42 ಸ್ಕ್ವೇರ್ ಅಂತ ಬರೆದ ಮಾತ್ರಕ್ಕೆ ಯಾರೋ ಇಂಚು ಇಂಚು ಅಳೆದಿದಾರೆ ಅಂತ ಅರ್ಥ ಅಲ್ಲ, ಕ್ಯಾಲ್ಕುಲೇಟರ್ ಹಾಗೆ ತೋರಿಸುತ್ತೆ ಅಷ್ಟೇ. ಒಂದು ಸ್ಕ್ವೇರ್ ಅಂದ್ರೆ 100 ಚದರಡಿ, ಹೆಚ್ಚುಕಮ್ಮಿ 9.3 ಚದರ ಮೀಟರ್, ಹೊಸಬರು ಇದ್ರೆ ಗೊತ್ತಿರ್ಲಿ.

ಅಸಲಿ ವಿಷಯ ಇರೋದು ಇಳಿಜಾರಲ್ಲಿ. ನೇರ ಮೇಲಿಂದ ತೆಗೆದ ಫೋಟೋದಲ್ಲಿ ಚಪ್ಪಟೆ ಛಾವಣಿಯೂ ಕಡಿದಾದ ಛಾವಣಿಯೂ ಒಂದೇ ಥರ ಕಾಣುತ್ತೆ, ಎರಡೂ ಒಂದು ಆಯತ. 40 ಅಡಿಗೆ 30 ಅಡಿ ಅಂದ್ಕೊಳ್ಳಿ, ಸೂರು ಸೇರಿಸಿ, ಕೆಳಗಿನ ಜಾಗ 1200 ಚದರಡಿ. ಇಳಿಜಾರು 12ಕ್ಕೆ 6 ಇದ್ರೆ, ಅಂದ್ರೆ ಅಡ್ಡಕ್ಕೆ 12 ಹೋದಾಗ ಮೇಲಕ್ಕೆ 6 ಏರಿದ್ರೆ, 1.118ರಿಂದ ಗುಣಿಸ್ಬೇಕು, 1342 ಬರುತ್ತೆ. ಅದೇ 12ಕ್ಕೆ 8 ಇದ್ರೆ 1.202, ಅಂದ್ರೆ 1442. ಒಂದು ಸ್ಕ್ವೇರ್ ಪೂರ್ತಿ ವ್ಯತ್ಯಾಸ, ಮೇಲಿನ ಫೋಟೋ ಮಾತ್ರ ಎರಡಕ್ಕೂ ಒಂದೇ. ಹಾಗಾಗಿ ಸಾಫ್ಟ್‌ವೇರ್ ಮಾರೋರಿಗೆ ಕೇಳಬೇಕಾದ ಮೊದಲ ಪ್ರಶ್ನೆ "ಎಷ್ಟು ಪರ್ಸೆಂಟ್ ಆಕ್ಯುರೇಟ್" ಅಂತ ಅಲ್ಲ, "ಇಳಿಜಾರು ನಿಮಗೆ ಹೇಗೆ ಗೊತ್ತಾಗುತ್ತೆ" ಅಂತ. ಓರೆ ಕೋನದಿಂದ ತೆಗೆದ ಫೋಟೋ ಇದ್ಯಾ, ಲೇಸರ್ ಸ್ಕ್ಯಾನ್ ಡೇಟಾ ಇದ್ಯಾ, ಡ್ರೋನ್ ಫೋಟೋಗಳನ್ನ ಜೋಡಿಸಿದ್ದಾ, ಇಲ್ಲಾ ಡ್ರಾಪ್‌ಡೌನಲ್ಲಿ ನಾವೇ ಆರಿಸ್ಬೇಕಾ. ಈ ಪ್ರಶ್ನೆಗೆ ನೇರ ಉತ್ತರ ಕೊಡದೆ "ನಮ್ಮ ಎಐ ನೋಡ್ಕೊಳ್ಳುತ್ತೆ" ಅಂದೋರನ್ನ ನಾನು ಅಲ್ಲಿಗೇ ಬಿಟ್ಟೆ.

ಈಗ ಶೀಟಿನ ಕಥೆ. ನಾವು ಆರ್ಡರ್ ಮಾಡಿದ ಅಳತೆ ರಿಪೋರ್ಟ್ ಒಂದು ಗೇಬಲ್ ಛಾವಣಿಗೆ, ಅಂದ್ರೆ ಎರಡೇ ಕಡೆ ಇಳಿಜಾರು ಇರೋದಕ್ಕೆ, 12ಕ್ಕೆ 5 ಅಂತ ಹೇಳಿತ್ತು, ರನ್, ಅಂದ್ರೆ ಸೂರಿಂದ ನೆತ್ತಿಯ ಕೆಳಗಿನವರೆಗಿನ ಅಡ್ಡ ಅಳತೆ, 16 ಅಡಿ. ಲೆಕ್ಕ ಹಾಕಿ 17 ಅಡಿ 4 ಇಂಚಿಗೆ ಮೆಟಲ್ ಶೀಟ್ ಫ್ಯಾಕ್ಟರೀಲೇ ಕಟ್ ಮಾಡಿಸಿ ತರಿಸಿದ್ವಿ. ಮೊದಲ ಶೀಟು ಮೇಲೆ ಎಳೆದು, ನೆತ್ತೀಲಿ ಸರಿಯಾಗಿ ಕೂರಿಸಿ, ಕೆಳಗೆ ನೋಡಿದ್ರೆ ಸೂರಿನ ಹಲಗೆ ಬರಿಮೈ, ಶೀಟು ಅಲ್ಲಿವರೆಗೆ ಬಂದೇ ಇಲ್ಲ. ಮೇಸ್ತ್ರಿ ಏನೂ ಮಾತಾಡದೆ ಗೇಣು ಹಾಕಿ ತೋರಿಸಿದ್ರು, ಹತ್ರ ಹತ್ರ ಒಂದು ಗೇಣು. ಆಮೇಲೆ ಮೆಲ್ಲಗೆ "ಏನ್ ಸಾರ್, ಕಂಪ್ಯೂಟರ್ರು ಮನೇನ ಗಿಡ್ಡ ಮಾಡ್ಬಿಟ್ಟಿತಲ್ಲ" ಅಂದ್ರು. ಇಳಿಜಾರು ಅಳೆಯೋ ಪಿಚ್ ಗೇಜ್ ಇಟ್ಟು ನೋಡಿದ್ರೆ ನಿಜವಾದ ಇಳಿಜಾರು 12ಕ್ಕೆ 6. ಆಗ ಬೇಕಾಗಿದ್ದ ಉದ್ದ 17 ಅಡಿ ಹತ್ತೂವರೆ ಇಂಚಿಗೂ ಸ್ವಲ್ಪ ಜಾಸ್ತಿ, ಅಂದ್ರೆ ಆರೂವರೆ ಇಂಚು ಕಮ್ಮಿ ಬಿತ್ತು, ಅದರ ಮೇಲೆ ಸೂರಿಂದ ಆಚೆ ಚಾಚಬೇಕಾದ ಅಳತೆ ಬೇರೆ.

ಇಲ್ಲಿ ಗಮನಿಸ್ಬೇಕಾದ್ದು ಏನಂದ್ರೆ, ವಿಸ್ತೀರ್ಣದ ಲೆಕ್ಕದಲ್ಲಿ ಆ ತಪ್ಪು ಬರೀ ಮೂರು ಪರ್ಸೆಂಟ್ ಚಿಲ್ಲರೆ. ಅದೇ ಮನೆಗೆ ಶಿಂಗಲ್, ಅಂದ್ರೆ ಸಣ್ಣ ಸಣ್ಣ ತುಂಡಿನ ಹೊದಿಕೆ, ಹಾಕ್ತಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ, ವೇಸ್ಟೇಜ್ ಅಂತ ಹೆಂಗಿದ್ರೂ ಹತ್ತು ಪರ್ಸೆಂಟ್ ಸೇರಿಸಿರ್ತೀವಿ, ಅದರಲ್ಲಿ ಕರಗಿ ಹೋಗ್ತಿತ್ತು, ರಿಪೋರ್ಟಿಗೆ ಐದು ಸ್ಟಾರ್ ಕೊಟ್ಟು ಕೂತಿರ್ತಿದ್ದೆ. ಒಂದೇ ರಿಪೋರ್ಟ್, ಒಂದೇ ತಪ್ಪು, ಶಿಂಗಲ್‌ನವನಿಗೆ ಪಾಸು, ಶೀಟ್‌ನವನಿಗೆ ಫೇಲು. ಆನ್‌ಲೈನಲ್ಲಿ ಇರೋ ಅಷ್ಟೂ ರಿವ್ಯೂಗಳಲ್ಲಿ ಅವರು ಏನು ಹೊದಿಸ್ತಾರೆ ಅಂತ ಬರೆದೇ ಇರಲ್ಲ, ಅದಕ್ಕೇ ಅವುಗಳಿಂದ ನನಗೆ ಉಪಯೋಗ ಆಗ್ಲಿಲ್ಲ. ಆ ಕಂಪನಿ ಹೆಸರು ಬರೆಯಲ್ಲ, ದೂರು ಕೊಟ್ಟಾಗ ರಿಪೋರ್ಟ್ ಫ್ರೀಯಾಗಿ ತಿದ್ದಿ ಕೊಟ್ರು, ಶೀಟಿನ ದುಡ್ಡು ಮಾತ್ರ ಅವರ ಜವಾಬ್ದಾರಿ ಅಲ್ವಂತೆ. ಕರಾರು ತೆಗೆದು ಓದಿದ್ರೆ ಹಾಗೇ ಬರೆದಿತ್ತು, ಗ್ಯಾರಂಟಿ ಇದ್ದಿದ್ದು ರಿಪೋರ್ಟಿನ ಬೆಲೆಗಷ್ಟೇ. ನೀವು ಸೈನ್ ಮಾಡೋ ಮುಂಚೆ ಆ ಒಂದು ಸಾಲು ಹುಡುಕಿ ಓದ್ಕೊಳ್ಳಿ.

ಆಮೇಲಿಂದ ಯಾವ ಸಾಫ್ಟ್‌ವೇರ್ ಬಂದ್ರೂ ನಾನು ಮಾಡೋ ಪರೀಕ್ಷೆ ಒಂದೇ. ನಾವೇ ಹೊದಿಸಿ ಮುಗಿಸಿರೋ, ಕೈಯಾರೆ ಅಳೆದು ಬಿಲ್ಲುಗಳ ಸಮೇತ ಲೆಕ್ಕ ಇರೋ ಮೂರು ಛಾವಣಿ ಇಟ್ಕೊಂಡಿದೀನಿ. ಒಂದು ಸರಳ ಗೇಬಲ್, ಒಂದು ಹಿಪ್ಪು ವ್ಯಾಲಿ, ಅಂದ್ರೆ ಎರಡು ಇಳಿಜಾರು ಸೇರೋ ಉಬ್ಬು ಮೂಲೆ ತಗ್ಗು ಮೂಲೆ, ತುಂಬಿರೋ ತಲೆನೋವು, ಇನ್ನೊಂದು ಅರ್ಧ ಮರದಡಿ ಮುಚ್ಚಿಹೋಗಿರೋದು. ಡೆಮೊದವರ ಚಂದದ ಮನೆ ಬೇಡ, ನನ್ನ ಮೂರು ಅಡ್ರೆಸ್ ತಗೊಳ್ಳಿ ಅಂತೀನಿ. ಮೊದಲನೇದರಲ್ಲಿ ಎಲ್ಲರೂ ಪಾಸಾಗ್ತಾರೆ, ಅದು ಪರೀಕ್ಷೆ ಅಲ್ಲ. ಎರಡನೇದರಲ್ಲಿ ವಿಸ್ತೀರ್ಣ ಬಿಟ್ಟು ಗೆರೆಗಳ ಉದ್ದ ನೋಡ್ತೀನಿ. ರಿಡ್ಜ್, ಅಂದ್ರೆ ನೆತ್ತಿಯ ಗೆರೆ, ಮತ್ತೆ ಹಿಪ್ಪಿನ ಉದ್ದದಿಂದ ಅದರ ಮೇಲೆ ಮುಚ್ಚೋ ಕ್ಯಾಪಿಂಗ್ ಎಷ್ಟು ಬೇಕು ಅಂತ ಗೊತ್ತಾಗೋದು, ವ್ಯಾಲಿ ಉದ್ದದಿಂದ ಒಳಪದರ, ಸೂರಿನ ಉದ್ದದಿಂದ ಗಟರ್ ಮತ್ತು ಮೊದಲ ಸಾಲಿಗೆ ಹಾಕೋ ಸ್ಟಾರ್ಟರ್, ಗೋಡೆಗೆ ತಾಗೋ ಕಡೆ ನೀರು ತಡೆಯೋ ಫ್ಲ್ಯಾಶಿಂಗ್. ಕೆಲವು ರಿಪೋರ್ಟುಗಳಲ್ಲಿ ವಿಸ್ತೀರ್ಣ ಪರ್ಫೆಕ್ಟ್, ಆದ್ರೆ ಗೋಡೆ ಸೇರೋ ಗೆರೆಯನ್ನ ರಿಡ್ಜ್ ಅಂತ ಗುರುತು ಮಾಡಿರ್ತಾರೆ, ಹಂಗೇ ನಂಬಿದ್ರೆ ಕ್ಯಾಪ್ ಜಾಸ್ತಿ ಬಂದು ಫ್ಲ್ಯಾಶಿಂಗ್ ಬರೋದೇ ಇಲ್ಲ.

ಮೂರನೇದು, ಮರದಡಿಯ ಮನೆ, ಅದೇ ನನಗೆ ಮುಖ್ಯ. ಅಲ್ಲಿ ಸರಿ ಅಳತೆ ಬರ್ಲಿ ಅಂತ ನಾನು ನಿರೀಕ್ಷೆ ಮಾಡಲ್ಲ, ಕಾಣದ್ದನ್ನ ಹೇಗೆ ಅಳೀತಾರೆ ಪಾಪ. "ಈ ಭಾಗ ಕಾಣ್ತಿಲ್ಲ, ಸ್ಥಳದಲ್ಲಿ ನೋಡ್ಕೊಳ್ಳಿ" ಅಂತ ಬರೀತಾರಾ ಅಂತಷ್ಟೇ ನೋಡೋದು. ಐದರಲ್ಲಿ ಎರಡು ಬರೆದ್ವು. ಉಳಿದವು ಮರದ ಕೆಳಗೆ ಸೊಗಸಾಗಿ ನೇರ ಗೆರೆ ಎಳೆದು ಉದ್ದ ಬರೆದು ಕೊಟ್ಟಿದ್ವು, ನಿಜವಾಗಿ ಅಲ್ಲಿ ಒಂದು ಸಣ್ಣ ಚಾಚು ಇದೆ, ಅದು ಅವರ ಚಿತ್ರದಲ್ಲೇ ಇಲ್ಲ. ನಾನು ದುಡ್ಡು ಕೊಡ್ತಿರೋದು ಆ ಎರಡಕ್ಕೇ.

ಇನ್ನು ಯಾವ ಥರದ್ದು ಏನು ಮಾಡುತ್ತೆ ಅಂತ.

ವಿಮಾನದಿಂದ ತೆಗೆದ ಫೋಟೋ ಮೇಲೆ ಅವರೇ ಅಳೆದು ರಿಪೋರ್ಟ್ ಕಳಿಸೋದು ಒಂದು ಥರ, ಈಗಲ್‌ವ್ಯೂ ಇದರಲ್ಲಿ ಹಳೇ ಹೆಸರು, 2008ರಿಂದ ಇದೆ. ನೇರ ಮೇಲಿಂದ ತೆಗೆದ ಫೋಟೋ ಜೊತೆಗೆ ನಾಲ್ಕೂ ದಿಕ್ಕಿನ ಓರೆ ಫೋಟೋ ಇರೋದ್ರಿಂದ ಇಳಿಜಾರು ಲೆಕ್ಕ ಹಾಕೋಕೆ ಆಧಾರ ಸಿಗುತ್ತೆ. ಈ ವಿಮಾನದ ಫೋಟೋಗಳಲ್ಲಿ ಒಂದು ಪಿಕ್ಸೆಲ್ ಅಂದ್ರೆ ನೆಲದ ಮೇಲೆ ಕೆಲವೇ ಸೆಂಟಿಮೀಟರ್, ಮಾರ್ಕೆಟ್ಟಲ್ಲಿ ಸಿಗೋ ಒಳ್ಳೇ ಉಪಗ್ರಹ ಚಿತ್ರದಲ್ಲಿ ಸುಮಾರು 30 ಸೆಂಟಿಮೀಟರ್. ಉಪಗ್ರಹ ಚಿತ್ರದ ಮೇಲೆ ಗೆರೆ ಎಳೆದಾಗ ಆ ತುದೀಲಿ ಒಂದು ಪಿಕ್ಸೆಲ್ ಈ ತುದೀಲಿ ಒಂದು ಪಿಕ್ಸೆಲ್ ತಪ್ಪಿದ್ರೂ ಎರಡಡಿ ಹೋಯ್ತು, ಅದಕ್ಕೇ "ಸ್ಯಾಟಲೈಟ್ ಅಳತೆ" ಅಂತ ಎಲ್ಲದಕ್ಕೂ ಒಂದೇ ಹೆಸರು ಹೇಳೋರ ಹತ್ರ ಫೋಟೋ ಎಲ್ಲಿಂದ ಬಂತು ಅಂತ ಕೇಳಿ. ತೊಂದರೆ ಏನಂದ್ರೆ ವಿಮಾನ ಹಾರಿದ ಊರಲ್ಲಿ ಮಾತ್ರ ಇದು ನಡೆಯೋದು, ಅಮೆರಿಕ, ಆಸ್ಟ್ರೇಲಿಯಾದಂಥ ಕಡೆ ಹಾಯಾಗಿ ಬಳಸ್ತಾರೆ, ಎಷ್ಟೋ ದೇಶಗಳಲ್ಲಿ ಅಡ್ರೆಸ್ ಹಾಕಿದ್ರೆ ಖಾಲಿ ಪರದೆ. ಹಾರಿದ ತಾರೀಖೂ ನೋಡ್ಬೇಕು, ಫೋಟೋ ಆದ್ಮೇಲೆ ಮನೆಯವರು ಹಿಂದೆ ಒಂದು ರೂಮು ಎಳೆದಿದ್ರೆ ರಿಪೋರ್ಟಲ್ಲಿ ಆ ರೂಮು ಇರಲ್ಲ. ತಾರೀಖು ರಿಪೋರ್ಟಿನ ಮೊದಲ ಪುಟದಲ್ಲೇ ಇರ್ಬೇಕು, ಇಲ್ಲ ಅಂದ್ರೆ ಅದು ನನಗೆ ದೊಡ್ಡ ಮೈನಸ್.

ಫೋಟೋ ಅವರು ಕೊಡ್ತಾರೆ ಗೆರೆ ನಾವೇ ಎಳೀಬೇಕು ಅನ್ನೋ ಥರದ್ದು ಇನ್ನೊಂದು, ರೂಫ್‌ಸ್ನ್ಯಾಪ್‌ನಂಥವು. ಗೆರೆ ಎಳೆಯೋಕೆ ತಾಳ್ಮೆ ಇದ್ರೆ ಇದು ಅಗ್ಗ, ಸಣ್ಣ ಕಂಪನಿಗೆ ಒಳ್ಳೇದು, ಇಳಿಜಾರು ಮಾತ್ರ ನೀವೇ ತಂದು ಹಾಕ್ಬೇಕಾಗುತ್ತೆ ಬಹಳಷ್ಟು ಸಲ. ನಮ್ಮ ಆಫೀಸಲ್ಲಿ ಹೊಸ ಹುಡುಗನಿಗೆ ಇದರಲ್ಲೇ ತರಬೇತಿ ಕೊಟ್ಟೆ, ಎರಡು ವಾರ ಗೆರೆ ಎಳೆದ್ಮೇಲೆ ಅವನಿಗೆ ಛಾವಣಿ ಹೇಗೆ ಮಡಚಿಕೊಂಡಿರುತ್ತೆ ಅನ್ನೋದು ನನಗಿಂತ ಚೆನ್ನಾಗಿ ಕಾಣ್ತಿತ್ತು, ಅದೊಂದು ನಾನು ಅಂದ್ಕೊಂಡಿರದ ಲಾಭ.

ಫೋನಲ್ಲಿ ಮನೆ ಸುತ್ತ ಫೋಟೋ ತೆಗೆದು ತ್ರೀಡಿ ಮಾಡೆಲ್ ಮಾಡೋದು, ಹೋವರ್ ಥರದ್ದು. ಗೋಡೆ, ಕಿಟಕಿ, ಗೋಡೆ ಹೊರಗಿನ ಹೊದಿಕೆ ಸೈಡಿಂಗ್, ಈ ಕೆಲಸ ಇರೋರಿಗೆ ಇದನ್ನ ಮೀರಿಸೋದು ಕಷ್ಟ, ಗಿರಾಕಿಗೆ ಬಣ್ಣ ಬದಲಾಯಿಸಿ ತೋರಿಸಿದ್ರೆ ಅವರ ಮುಖ ನೋಡ್ಬೇಕು. ಆದ್ರೆ ನೆಲದಿಂದ ತೆಗೆದ ಫೋಟೋದಲ್ಲಿ ಕಡಿಮೆ ಇಳಿಜಾರಿನ ಛಾವಣಿ ಕಾಣೋದೇ ಇಲ್ಲ, ಪಕ್ಕದ ಮನೆ ಒತ್ತಿಕೊಂಡಿದ್ರೆ ಹಿಂದೆ ಸರಿದು ನಿಲ್ಲೋಕೂ ಜಾಗ ಇರಲ್ಲ. ಸ್ಕೇಲ್ ವಿಷಯದಲ್ಲೂ ಹುಷಾರು, ಮಾಡೆಲ್ ಪೂರ್ತಿ ಒಂದು ಪರ್ಸೆಂಟ್ ದೊಡ್ಡದಾಗಿ ಬಂದ್ರೆ ಉದ್ದ ಒಂದು ಪರ್ಸೆಂಟ್ ಜಾಸ್ತಿ, ವಿಸ್ತೀರ್ಣ ಎರಡು ಪರ್ಸೆಂಟ್ ಜಾಸ್ತಿ. ಫೋಟೋ ತೆಗೆಯೋಕೆ ಹೋದಾಗ ಒಂದು ಗೋಡೆ ಟೇಪಲ್ಲಿ ಅಳೆದು ಬರೆದ್ಕೊಂಡು ಬನ್ನಿ, ಎರಡು ನಿಮಿಷದ ಕೆಲಸ.

ಡ್ರೋನ್ ಬಗ್ಗೆ ನನಗೆ ಪಕ್ಷಪಾತ ಇದೆ, ಒಪ್ಕೋತೀನಿ. ಸ್ವಂತ ಡ್ರೋನ್ ಹಾರಿಸಿ ಡ್ರೋನ್‌ಡಿಪ್ಲಾಯ್ ಇಲ್ಲಾ ಪಿಕ್ಸ್4ಡಿ ಥರದ್ದಕ್ಕೆ ಫೋಟೋ ಹಾಕಿದ್ರೆ ಇವತ್ತಿನ ಛಾವಣಿ ಇವತ್ತೇ ಸಿಗುತ್ತೆ, ಹಳೇ ಫೋಟೋ ತಕರಾರಿಲ್ಲ, ಒಡೆದ ಹೆಂಚು ಎದ್ದ ಮೊಳೆ ಕೂಡ ಕಾಣುತ್ತೆ. ಆದ್ರೆ ಇದು "ರಿಮೋಟ್" ಅಲ್ಲವೇ ಅಲ್ಲ, ಯಾರಾದ್ರೂ ಸೈಟಿಗೆ ಹೋಗ್ಲೇಬೇಕು. ಫೋಟೋಗಳು ಒಂದರ ಮೇಲೊಂದು 75ರಿಂದ 80 ಪರ್ಸೆಂಟ್ ಹಾಯ್ದಿರ್ಬೇಕು, ಓರೆಯಾಗಿ ಒಂದು ಸುತ್ತು ಬೇರೆ ಹಾರಿಸ್ಬೇಕು, ಇಲ್ಲ ಅಂದ್ರೆ ಅಂಚು ಕರಗಿದ ಮೇಣದ ಥರ ಬರುತ್ತೆ. ಹೊಳೆಯೋ ಹೊಸ ಮೆಟಲ್ ಛಾವಣಿ ಮೇಲೆ ಮಟಮಟ ಮಧ್ಯಾಹ್ನ ಹಾರಿಸಿದ್ದೆ ಒಂದ್ಸಲ, ಮಾಡೆಲ್ಲಲ್ಲಿ ಛಾವಣಿ ಮಧ್ಯ ದೊಡ್ಡ ತೂತು, ಎಲ್ಲಾ ಫೋಟೋದಲ್ಲೂ ಒಂದೇ ಥರ ಮಿಂಚು, ಹೊಂದಿಸೋಕೆ ಅದಕ್ಕೆ ಒಂದು ಗುರುತೂ ಸಿಕ್ಕಿಲ್ಲ. ಮೋಡ ಇರೋ ದಿನ ಹೋಗಿ ಮತ್ತೆ ತೆಗೆದ್ವಿ, ಸರಿಯಾಯ್ತು. ಪರ್ಮಿಷನ್ ವಿಷಯ ದೇಶದಿಂದ ದೇಶಕ್ಕೆ ಬೇರೆ, 250 ಗ್ರಾಂಗಿಂತ ಕಮ್ಮಿ ತೂಕದ್ದಕ್ಕೆ ಬಹಳ ಕಡೆ ನಿಯಮ ಸಡಿಲ, ಆದ್ರೂ ದುಡಿಮೆಗೆ ಬಳಸೋ ಮುಂಚೆ ನಿಮ್ಮ ಕಡೆ ಏನಿದೆ ಓದ್ಕೊಳ್ಳಿ.

ಕೊನೇದು, ಸೆಕೆಂಡಲ್ಲಿ ಉತ್ತರ ಕೊಡೋ ಎಐ ಥರದ್ದು. ಗೂಗಲ್ 2023ರಲ್ಲಿ ಸೋಲಾರ್ ಎಪಿಐ, ಅಂದ್ರೆ ಬೇರೆ ಆಪುಗಳು ಅದರ ಛಾವಣಿ ಡೇಟಾ ಕೇಳಿ ಪಡೆಯೋ ದಾರಿ, ಬಿಟ್ಟ ಮೇಲೆ ಅಂಥದ್ದರ ಮೇಲೆ ಕಟ್ಟಿದ ಸಣ್ಣ ಆಪುಗಳು ಬಹಳ ಬಂದಿವೆ. ಅದು ಛಾವಣಿಯ ಪ್ರತಿ ಭಾಗದ ವಿಸ್ತೀರ್ಣ, ಇಳಿಜಾರು, ಯಾವ ದಿಕ್ಕಿಗೆ ಮುಖ ಅಂತ ಕೊಡುತ್ತೆ, ಸೋಲಾರ್ ಪ್ಯಾನೆಲ್ ಕೂರಿಸೋಕೆ ಬೇಕಾಗಿದ್ದು ಅಷ್ಟೇ ತಾನೇ. ನಮಗೆ ಬೇಕಾದ ರಿಡ್ಜು, ವ್ಯಾಲಿ, ಸೂರಿನ ಉದ್ದ ಅದರಲ್ಲಿ ಬರಲ್ಲ, ಆ ಆಪಿನೋರು ತಾವೇ ಊಹಿಸಿ ಗೆರೆ ಎಳೀಬೇಕು. ಫೋನಲ್ಲಿ ಗಿರಾಕಿ "ಅಂದಾಜು ಎಷ್ಟಾಗುತ್ತೆ" ಅಂದಾಗ ಒಂದು ಮೊತ್ತ ಹೇಳೋಕೆ ಬಹಳ ಚೆನ್ನಾಗಿದೆ, ದಿನಾ ಬಳಸ್ತೀನಿ. ಮಾಲು ಆರ್ಡರ್ ಮಾಡೋಕೆ ಖಂಡಿತ ಬೇಡ.

ಸೂರಿನ ಚಾಚು ಒಂದು ಹೇಳೋದು ಮರೆತಿದ್ದೆ. ಕೆಲವು ಅಗ್ಗದ ಆಪುಗಳು ಕಟ್ಟಡದ ಗೋಡೆಯ ಗೆರೆ ತಗೊಂಡು ಅದನ್ನೇ ಛಾವಣಿ ಅಂತ ಲೆಕ್ಕ ಹಾಕ್ತವೆ. ಗೋಡೆ 38ಕ್ಕೆ 28 ಅಡಿ ಇದ್ದು ಸುತ್ತ ಒಂದಡಿ ಚಾಚಿದ್ರೆ ಛಾವಣಿ 40ಕ್ಕೆ 30. ನೆಲದ ಲೆಕ್ಕದಲ್ಲೇ 136 ಚದರಡಿ ಗಾಯಬ್, ಇಳಿಜಾರು ಇನ್ನೂ ಗುಣಿಸೇ ಇಲ್ಲ.

ರಿಪೋರ್ಟ್ ಕೈಗೆ ಬಂದಾಗ ನಾನು ಎರಡು ಲೆಕ್ಕ ಮಾಡ್ತೀನಿ, ಯಾವ ಸಾಫ್ಟ್‌ವೇರೂ ಬೇಡ. ಛಾವಣಿಯ ಎಲ್ಲಾ ಮುಖಗಳೂ ಒಂದೇ ಇಳಿಜಾರಲ್ಲಿ ಇದ್ರೆ, ಗೇಬಲ್ ಇರ್ಲಿ ಹಿಪ್ ಇರ್ಲಿ, ಮೇಲಿಂದ ಕಾಣೋ ವಿಸ್ತೀರ್ಣವನ್ನ ಇಳಿಜಾರಿನ ಅಂಕಿಯಿಂದ ಗುಣಿಸಿದ್ರೆ ಒಟ್ಟು ಬರಲೇಬೇಕು, ಬರಲಿಲ್ಲ ಅಂದ್ರೆ ಎಲ್ಲೋ ಒಂದು ಮುಖ ಬಿಟ್ಟಿದಾರೆ ಇಲ್ಲಾ ಎರಡು ಸಲ ಎಣಿಸಿದಾರೆ. ಇನ್ನೊಂದು, 12ಕ್ಕೆ 6ರ ಛಾವಣೀಲಿ ಹಿಪ್ಪಿನ ಉದ್ದ ರನ್ನಿನ ಸರಿಯಾಗಿ ಒಂದೂವರೆ ಪಟ್ಟು, ರನ್ 10 ಅಡಿ ಆದ್ರೆ ಹಿಪ್ 15. ಈ ಅಂಕಿ ಬಾಯಿಪಾಠ ಮಾಡ್ಕೊಳ್ಳೋದು ಸುಲಭ, ರಿಪೋರ್ಟಲ್ಲಿ 14 ಕಂಡ್ರೆ ಆ ಕಂಪನಿಗೆ ಫೋನ್ ಮಾಡಿ.

ವೇಸ್ಟೇಜ್ ವಿಷಯದಲ್ಲಿ ನಾವೇ ಮಾಡ್ಕೊಂಡ ಎಡವಟ್ಟು ಒಂದು. ರಿಪೋರ್ಟಲ್ಲಿ ಕೆಳಗಡೆ ಒಂದು ಟೇಬಲ್ ಇರುತ್ತೆ, 0, 10, 12, 15 ಪರ್ಸೆಂಟ್ ಸೇರಿಸಿದ್ರೆ ಎಷ್ಟು ಸ್ಕ್ವೇರ್ ಅಂತ. ಹುಡುಗ 15ರ ಕಾಲಮ್ಮಿಂದ ಅಂಕಿ ತಗೊಂಡು ನಮ್ಮ ಕಂಪ್ಯೂಟರ್ ಲೆಕ್ಕದ ಶೀಟಿಗೆ ಹಾಕಿದ, ಆ ಲೆಕ್ಕದ ಶೀಟು ತಾನೇ ಇನ್ನೊಂದು 12 ಸೇರಿಸ್ತು, ಕೆಲಸ ಮುಗಿದ ಮೇಲೆ ಅಂಗಳದಲ್ಲಿ ಶಿಂಗಲ್ ಬಂಡಲ್ಲು ರಾಶಿ. ಗಿರಾಕಿ "ಇಷ್ಟೊಂದು ಉಳೀತಲ್ಲ, ನನ್ನ ಹತ್ರ ಜಾಸ್ತಿ ತಗೊಂಡ್ರಾ" ಅಂತ ಕೇಳಿದಾಗ ಏನು ಹೇಳೋದು. ಇದು ಸಾಫ್ಟ್‌ವೇರ್ ತಪ್ಪಲ್ಲ, ಆದ್ರೂ "ವೇಸ್ಟೇಜ್ ಇಲ್ಲದ್ದು" ಅಂತ ಅಂಕಿಯನ್ನ ದಪ್ಪ ಅಕ್ಷರದಲ್ಲಿ ಮೊದಲು ಹಾಕೋ ರಿಪೋರ್ಟಿಗೆ ನಾನು ಅರ್ಧ ಸ್ಟಾರ್ ಜಾಸ್ತಿ ಕೊಡ್ತೀನಿ.

ಹೊದಿಕೆ ಕೆಳಗಿನ ಹಲಗೆ ಕೊಳೆತಿದ್ಯಾ, ಹಳೇ ಶಿಂಗಲ್ ಒಂದು ಪದರವೋ ಎರಡು ಪದರವೋ, ಇದ್ಯಾವುದೂ ಮೇಲಿನ ಫೋಟೋದಲ್ಲಿ ಕಾಣಲ್ಲ. ಎರಡು ಪದರ ಕಿತ್ತು ಸಾಗಿಸೋ ಖರ್ಚು ಕೋಟೇಶನ್ನಲ್ಲಿ ಬಿಟ್ಟೋದ್ರೆ ಲಾಭ ಅಲ್ಲೇ ಮಣ್ಣುಪಾಲು, ಹಾಗಾಗಿ ಕರಾರಲ್ಲಿ ಅದಕ್ಕೆ ಬೇರೆ ಸಾಲು ಹಾಕ್ಕೊಳ್ಳಿ.

ದುಡ್ಡಿನ ಕಡೆ: ಒಂದು ರಿಪೋರ್ಟಿಗೆ ಇಷ್ಟು ಅಂತ ಇರೋದು, ತಿಂಗಳಿಗೆ ಇಷ್ಟು ಅಂತ ಇರೋದು, ಎರಡೂ ಇವೆ. ಬರೋ ಎನ್ಕ್ವೈರೀಲಿ ಎಷ್ಟು ಕೆಲಸ ನಿಮಗೆ ಸಿಗುತ್ತೆ ಅಂತ ನೋಡಿ ಆರಿಸಿ, ಐದಕ್ಕೆ ಒಂದು ಸಿಗೋದಾದ್ರೆ ಒಂದು ಕೆಲಸದ ಮೇಲೆ ಐದು ರಿಪೋರ್ಟಿನ ಖರ್ಚು ಕೂರುತ್ತೆ. ನಾವು ಮೊದಲು ಮಾಡಿದ್ದ ಪ್ಲಾನಲ್ಲಿ ಬಳಸದ ಕ್ರೆಡಿಟ್ ತಿಂಗಳ ಕೊನೆಗೆ ಆವಿ ಆಗ್ತಿತ್ತು, ಮಳೆಗಾಲದಲ್ಲಿ ಕೆಲಸವೇ ಇಲ್ಲ, ಬಿಲ್ಲು ಮಾತ್ರ ಸರಿಯಾಗಿ ಬರ್ತಿತ್ತು. ರದ್ದು ಮಾಡೋಕೆ ಹೋದ್ರೆ ವರ್ಷಕ್ಕೆ ತಾನೇ ರಿನ್ಯೂ ಆಗಿಹೋಗಿದೆ ಅಂದ್ರು.

ಡೇಟಾ ಹೊರಗೆ ತೆಗೆಯೋಕೆ ಆಗುತ್ತಾ ಅಂತಲೂ ನೋಡಿ, ಪಿಡಿಎಫ್ ಬಿಟ್ಟು, ಬೇರೆ ಸಾಫ್ಟ್‌ವೇರಲ್ಲಿ ತೆರೆಯೋಕಾಗೋ ಡಿಎಕ್ಸ್‌ಎಫ್ ಇಲ್ಲಾ ಎಕ್ಸ್‌ಎಂಎಲ್ ಕೊಡೋದಾದ್ರೆ ಒಳ್ಳೇದು. ಈ ಫೀಲ್ಡಲ್ಲಿ ಪೇಟೆಂಟ್ ಜಗಳ ಸಣ್ಣದಲ್ಲ. ಈಗಲ್‌ವ್ಯೂ 2015ರಲ್ಲಿ ಎಸ್ಟಿಮೇಟ್ ಸಾಫ್ಟ್‌ವೇರ್ ಕಂಪನಿ ಎಕ್ಸ್ಯಾಕ್ಟ್‌ವೇರ್ ಮತ್ತು ಅದರ ಒಡೆಯ ಕಂಪನಿ ವೆರಿಸ್ಕ್ ಮೇಲೆ ಕೇಸ್ ಹಾಕ್ತು, 2019ರಲ್ಲಿ ಜ್ಯೂರಿ 12.5 ಕೋಟಿ ಡಾಲರ್ ಪರಿಹಾರ ಕೊಡಿ ಅಂತು, 2021ರಲ್ಲಿ ಜಡ್ಜ್ ಅದನ್ನ ಮೂರು ಪಟ್ಟು ಮಾಡಿದ್ರು. ಮಧ್ಯದಲ್ಲಿ ಎಕ್ಸ್ಯಾಕ್ಟ್‌ವೇರಿನ ಆ ಪ್ರಾಡಕ್ಟುಗಳಿಗೆ ಕೋರ್ಟ್ ತಡೆಯೂ ಬಂತು. ಯಾರು ಸರಿ ಯಾರು ತಪ್ಪು ನನಗೆ ಬೇಡ, ದಿನಾ ಬಳಸೋ ಬಟನ್ ಒಂದು ದಿನ ಇಲ್ಲದೇ ಹೋಗ್ಬಹುದು ಅನ್ನೋದಷ್ಟೇ ನನಗೆ ಮುಖ್ಯ, ನಮ್ಮ ಹಳೇ ರಿಪೋರ್ಟುಗಳೆಲ್ಲಾ ಈಗ ನಮ್ಮ ಡಿಸ್ಕಲ್ಲೂ ಇವೆ.

ಸದ್ಯ ನಮ್ಮ ಪದ್ಧತಿ ಹೀಗಿದೆ. ಫೋನಲ್ಲಿ ಅಂದಾಜು ಹೇಳೋಕೆ ಎಐ, ಕೋಟೇಶನ್ನಿಗೆ ಓರೆ ಫೋಟೋ ಇರೋ ರಿಪೋರ್ಟ್, ಶಿಂಗಲ್ ಆದ್ರೆ ಅದರ ಮೇಲೇ ಆರ್ಡರ್. ಮೆಟಲ್ ಶೀಟ್ ಆದ್ರೆ ಆರ್ಡರ್ ಹಾಕೋ ಮುಂಚೆ ಒಬ್ಬರು ಏಣಿ ಹತ್ತಿ ಪಿಚ್ ಗೇಜ್ ಇಟ್ಟು, ನೆತ್ತಿಯಿಂದ ಸೂರಿಗೆ ಟೇಪ್ ಎಳೆದು, ಎಡಗಡೆ ಒಂದ್ಸಲ ಬಲಗಡೆ ಒಂದ್ಸಲ, ಫೋಟೋ ತೆಗೆದು ಕಳಿಸ್ಬೇಕು. ಆ ಫೋಟೋ ಗ್ರೂಪಿಗೆ ಬರೋವರೆಗೂ ಮೇಸ್ತ್ರಿ ಫ್ಯಾಕ್ಟರಿಗೆ ಫೋನ್ ಮಾಡೋಕೆ ಬಿಡಲ್ಲ, "ಗೇಣು ಹಾಕಿ ತೋರಿಸ್ಲಾ ಸಾರ್" ಅಂತಾರೆ.